ಕೈಯಲ್ಲಿರುವ ಸೀಟು, ಕನಸಿನ ಕಾಲೇಜು

ಮಳೆಗಾಲ ಬಂತೆಂದರೆ ನಮ್ಮ ಅಫಜಲಪುರದ ದವಾಖಾನೆಗಳಲ್ಲಿ ಜ್ವರ, ವಾಂತಿಭೇದಿಯ ರೋಗಿಗಳ ಸಾಲು ಬೆಳೆಯುತ್ತದೆ. ಕೆಲವು ವರ್ಷಗಳಿಂದ ಇದೇ ಹಂಗಾಮಿನಲ್ಲಿ ಇನ್ನೊಂದು ಬಗೆಯವರೂ ಬರತೊಡಗಿದ್ದಾರೆ. ಅವರಿಗೆ ಜ್ವರ ಇರುವುದಿಲ್ಲ. ತಂದೆಯ ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲು, ತಾಯಿಯ ಮುಖದಲ್ಲಿ ಆತಂಕ, ನಡುವೆ ತಲೆ ತಗ್ಗಿಸಿ ಕುಳಿತ ಮಗ ಅಥವಾ ಮಗಳು. ಚೀಟಿಯಲ್ಲಿ ಬರೆಸಿರುವುದು ತಲೆನೋವು ಅಥವಾ ನಿದ್ದೆ ಬಾರದಿರುವುದು. ನಿಜವಾದ ಬೇನೆ ಆ ಫೈಲಿನಲ್ಲಿರುತ್ತದೆ.

ಎರಡು ವರ್ಷಗಳ ಹಿಂದೆ ಹೀಗೆಯೇ ಭೀಮಾ ದಂಡೆಯ ಒಂದು ಹಳ್ಳಿಯಿಂದ ಒಂದು ಕುಟುಂಬ ಬಂದಿತ್ತು. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿ ಹೇಳುತ್ತೇನೆ. ತಂದೆ ತೊಗರಿ, ಕಬ್ಬು ಬೆಳೆಯುವ ರೈತ. ಕುಳಿತವರೇ ಕೇಳಿದರು: "ಡಾಕ್ಟ್ರ ಸಾಹೇಬ್ರ, ಮಗಳಿಗಿ ಎಂಬಿಬಿಎಸ್ ಸೀಟ ಬಂದದ್ರಿ. ಆದ್ರ ಚಾಮರಾಜನಗರದಾಗ. ಹೆಣ್ಣುಹುಡುಗಿನ್ನ ಅಷ್ಟು ದೂರ ಹ್ಯಾಂಗ ಕಳಸೋದು? ಇನ್ನೊಂದು ವರ್ಷ ಓದ್ಲಿ, ಕಲಬುರ್ಗಿದಾಗೇ ಸಿಗ್ತದ ಅಂತೀನಿ. ನೀವೇನಂತೀರಿ?"

ಆ ತಂದೆಗೆ ಉತ್ತರಿಸುವ ಮೊದಲು ಮಗಳ ರಕ್ತದೊತ್ತಡ ನೋಡಿದೆ, ರಕ್ತಪರೀಕ್ಷೆಗೆ ಬರೆದುಕೊಟ್ಟೆ. ಆ ಮನೆಯವರಿಗೆ ಅಂದು ಹೇಳಿದ್ದನ್ನೂ, ಹೇಳಲು ವೇಳೆ ಸಾಲದೆ ಹೋದದ್ದನ್ನೂ ಈ ವಾರ ನಿಮ್ಮ ಮುಂದಿಡುತ್ತಿದ್ದೇನೆ. ಏಕೆಂದರೆ ಸೀಟು ಒಪ್ಪಿಕೊಳ್ಳಬೇಕೆ, ಬಿಟ್ಟು ಮತ್ತೊಮ್ಮೆ ಬರೆಯಬೇಕೆ ಎಂಬುದು ಓದಿನ ಪ್ರಶ್ನೆಯಾಗಿರುವಂತೆ ಒಂದು ಮಗುವಿನ ಆರೋಗ್ಯದ ಪ್ರಶ್ನೆಯೂ ಹೌದು.

ನನ್ನದೇ ಒಂದು ವರ್ಷ

ನಾನು ಪಿಯುಸಿ ಮುಗಿಸಿದ್ದು 1997ರಲ್ಲಿ. ಆಗ ರಾಜ್ಯದ ಸಿಇಟಿ ಇತ್ತು. ಉನ್ನಿಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲಿ ನೀಡಿದ ತೀರ್ಪಿನಂತೆ ಖಾಸಗಿ ಕಾಲೇಜುಗಳಲ್ಲಿ 'ಫ್ರೀ ಸೀಟು', 'ಪೇಮೆಂಟ್ ಸೀಟು' ಎಂಬ ಎರಡು ಬಗೆಗಳಿದ್ದವು. ಕೌನ್ಸೆಲಿಂಗ್‌ಗೆ ಬೆಂಗಳೂರಿಗೇ ಹೋಗಬೇಕಿತ್ತು. ನನ್ನ ರ್‍ಯಾಂಕಿಗೆ ಫ್ರೀ ಸೀಟಿನಲ್ಲಿ ದಂತವೈದ್ಯಕೀಯ, ಪೇಮೆಂಟ್ ಸೀಟಿನಲ್ಲಿ ವೈದ್ಯಕೀಯ ದೊರೆಯುತ್ತಿತ್ತು. ತಂದೆ ಪ್ರಾಥಮಿಕ ಶಾಲೆಯ ಮಾಸ್ತರರು. ಇದ್ದದ್ದು ನಾಲ್ಕು ಎಕರೆ ಹೊಲ. ಮಾರಿದ್ದರೆ ಪೇಮೆಂಟ್ ಸೀಟು ನನ್ನದಾಗುತ್ತಿತ್ತು. ನಾನು ಎರಡನ್ನೂ ಬಿಟ್ಟು, ಕಲಬುರಗಿಯಲ್ಲಿ ಒಂದು ಖೋಲಿ ಹಿಡಿದು ಮತ್ತೆ ಓದಲು ಕುಳಿತೆ. 1998ರಲ್ಲಿ ಎಂಬಿಬಿಎಸ್ ಫ್ರೀ ಸೀಟು ದೊರೆಯಿತು.

ಈ ಕಥೆಯನ್ನು ಇಷ್ಟಕ್ಕೇ ನಿಲ್ಲಿಸಿದರೆ ನಿಮಗೆ ಮೋಸ ಮಾಡಿದಂತಾಗುತ್ತದೆ. ಅದೇ ಖೋಲಿಯಲ್ಲಿ ನನ್ನೊಡನೆ ಇನ್ನೊಬ್ಬ ಹುಡುಗನಿದ್ದ. ಅದೇ ಪುಸ್ತಕ, ಅದೇ ಮೆಸ್ಸಿನ ಊಟ, ನನಗಿಂತ ಹೆಚ್ಚು ಹೊತ್ತು ಓದುತ್ತಿದ್ದ. ಅವನಿಗೆ ಆ ವರ್ಷವೂ ಸೀಟು ಬರಲಿಲ್ಲ, ಮುಂದಿನ ವರ್ಷವೂ ಬರಲಿಲ್ಲ. ಕೊನೆಗೆ ಊರಿಗೆ ಕಾಗದ ಬರೆಯುವುದನ್ನೇ ನಿಲ್ಲಿಸಿದ. ಈಗ ಗೊಬ್ಬರ, ಬೀಜದ ಅಂಗಡಿ ನಡೆಸುತ್ತಾನೆ, ಚೆನ್ನಾಗಿಯೇ ಇದ್ದಾನೆ. ಆದರೆ ಆ ವರ್ಷಗಳ ಮಾತೆತ್ತಿದರೆ ಇಂದಿಗೂ ಮಾತು ಮರೆಸುತ್ತಾನೆ. "ನಾನೂ ಒಂದು ವರ್ಷ ಬಿಟ್ಟು ಓದಿದೆ, ಡಾಕ್ಟರ್ ಆದೆ" ಎನ್ನುವ ನನ್ನಂಥವರು ಊರೂರಿಗೆ ಸಿಗುತ್ತಾರೆ. ಬಿಟ್ಟು ಕಳೆದುಕೊಂಡವರು ವೇದಿಕೆ ಹತ್ತಿ ಭಾಷಣ ಮಾಡುವುದಿಲ್ಲ. ಪಾಲಕರು ಗೆದ್ದವರ ಮಾತು ಕೇಳಿ ನಿರ್ಧಾರ ಮಾಡುವ ಮುನ್ನ ಇಷ್ಟನ್ನು ನೆನಪಿಡಬೇಕು.

ಅಂಕಗಳ ಮರೀಚಿಕೆ

2025ರ ನೀಟ್ ಪರೀಕ್ಷೆಯನ್ನು ದೇಶದಲ್ಲಿ ಸುಮಾರು 22 ಲಕ್ಷ ಮಂದಿ ಬರೆದರು. ಅರ್ಹತೆ ಪಡೆದವರು 12.36 ಲಕ್ಷ. ದೇಶದ ಎಲ್ಲ ಕಾಲೇಜುಗಳ ಎಂಬಿಬಿಎಸ್ ಸೀಟುಗಳನ್ನು ಕೂಡಿಸಿದರೂ ಇದರ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿದ್ದವು. ಅಂದರೆ 'ಪಾಸಾಗಿದೆ' ಎಂಬ ಮಾತಿಗೂ 'ಸೀಟು ಬಂದಿದೆ' ಎಂಬ ಮಾತಿಗೂ ಬಹಳ ಅಂತರವಿದೆ. ಸರ್ಕಾರಿ ಶುಲ್ಕದ ಒಂದು ಸೀಟು ಕೈಗೆ ಬಂದಿದೆಯೆಂದರೆ, ಅದು ಎಷ್ಟೇ ದೂರದ ಊರಿನದಾಗಿರಲಿ, ಹಗುರಾದ ವಸ್ತುವಲ್ಲ.

"ಈ ಸಲ ಇಷ್ಟು ಅಂಕ ಬಂದಿವೆ, ಮುಂದಿನ ಸಲ ಐವತ್ತು ಹೆಚ್ಚಾದರೆ ಸಾಕು" ಎಂಬ ಲೆಕ್ಕ ಹಲವು ಮನೆಗಳಲ್ಲಿ ನಡೆಯುತ್ತದೆ. ಇದರಲ್ಲಿ ಒಂದು ದೋಷವಿದೆ. 2024ರ ಪರಿಷ್ಕೃತ ಫಲಿತಾಂಶದಲ್ಲಿ 17 ಮಂದಿ 720ಕ್ಕೆ 720 ಪಡೆದಿದ್ದರು. 2025ರಲ್ಲಿ ದೇಶಕ್ಕೆ ಮೊದಲಿಗನಾದವನ ಅಂಕವೇ 686. ಪ್ರಶ್ನೆಪತ್ರಿಕೆ ಕಠಿಣವಾದ ವರ್ಷ ಅಂಕ ಇಳಿಯುತ್ತದೆ, ಸುಲಭವಾದ ವರ್ಷ ಎಲ್ಲರದೂ ಏರುತ್ತದೆ. ಆದ್ದರಿಂದ ಅಂಕಕ್ಕೆ ಅಂಕ ಹೋಲಿಸದೆ ರ್‍ಯಾಂಕಿಗೆ ರ್‍ಯಾಂಕ್ ಹೋಲಿಸಿ ನೋಡಿ. ನೀವು ಬಯಸುವ ಕಾಲೇಜಿನಲ್ಲಿ ನಿಮ್ಮ ವರ್ಗಕ್ಕೆ ಹಿಂದಿನ ಎರಡು ಮೂರು ವರ್ಷ ಯಾವ ರ್‍ಯಾಂಕಿನವರೆಗೆ ಸೀಟು ಹೋಗಿತ್ತೆಂಬ ಪಟ್ಟಿಯನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವೇ ಪ್ರಕಟಿಸುತ್ತದೆ.

ನಮ್ಮ ಭಾಗದವರು 371(ಜೆ) ಅನುಕೂಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಂವಿಧಾನದ 98ನೆಯ ತಿದ್ದುಪಡಿಯ ಫಲವಾಗಿ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇಕಡಾ 70, ರಾಜ್ಯದ ಉಳಿದ ಕಡೆ ಶೇಕಡಾ 8 ಸೀಟುಗಳ ಮೀಸಲಾತಿ ಇದೆ. ಇದಕ್ಕೆ ಉಪವಿಭಾಗಾಧಿಕಾರಿಗಳ ಅರ್ಹತಾ ಪ್ರಮಾಣಪತ್ರ ಬೇಕು. ಫಲಿತಾಂಶ ಬಂದ ಮೇಲೆ ಕಚೇರಿಗೆ ಓಡಾಡುವ ಬದಲು ಮೊದಲೇ ಮಾಡಿಸಿಟ್ಟುಕೊಳ್ಳಿ.

ಕಾಲೇಜಿನ ಹೆಸರು ಎಷ್ಟು ಮುಖ್ಯ?

1963ರಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಆರಂಭವಾದಾಗಿನಿಂದ ಎಷ್ಟೋ ವರ್ಷ ಕಲಬುರಗಿಗೆ ಅದೊಂದೇ ವೈದ್ಯಕೀಯ ಕಾಲೇಜು. 2000ದಲ್ಲಿ ಖಾಜಾ ಬಂದೇನವಾಜ್ ಸಂಸ್ಥೆಯದು, 2013ರಲ್ಲಿ ಸರ್ಕಾರದ 'ಜಿಮ್ಸ್' ಮತ್ತು ಇಎಸ್ಐ ಕಾಲೇಜುಗಳು ಬಂದವು. ರಾಯಚೂರು, ಬೀದರ, ಕೊಪ್ಪಳ, ಯಾದಗಿರಿಗಳಲ್ಲೂ ಸರ್ಕಾರಿ ಕಾಲೇಜುಗಳಾದವು. ಚಾಮರಾಜನಗರ, ಕಾರವಾರ, ಮಡಿಕೇರಿಯ ಕಾಲೇಜುಗಳು 2016ರವು. ಹೊಸ ಕಾಲೇಜು ಎಂದೊಡನೆ ಮೂಗು ಮುರಿಯುವ ರೂಢಿ ನಮ್ಮಲ್ಲಿದೆ.

ಆದರೆ ಒಂದು ಸಂಗತಿ ತಿಳಿದಿರಲಿ. ರಾಜ್ಯದ ಸರ್ಕಾರಿ ವೈದ್ಯಕೀಯ ಕಾಲೇಜುಗಳೆಲ್ಲ 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದವು. ಬೆಂಗಳೂರಿನ ಹಳೆಯ ಕಾಲೇಜಿನಲ್ಲಿ ಓದಿದವನಿಗೂ ಚಾಮರಾಜನಗರದಲ್ಲಿ ಓದಿದವಳಿಗೂ ಅದೇ ಪಠ್ಯಕ್ರಮ, ಅದೇ ವಿಶ್ವವಿದ್ಯಾಲಯದ ಪದವಿ. ಮುಂದೆ ಎಂಡಿ, ಎಂಎಸ್ ಮಾಡುವವರಿಗೆ ಇರುವ ಪ್ರವೇಶ ಪರೀಕ್ಷೆಯೂ ಒಂದೇ. ರೋಗಿಯಂತೂ ಯಾವ ಕಾಲೇಜೆಂದು ಕೇಳುವುದಿಲ್ಲ. ಇಪ್ಪತ್ತು ವರ್ಷಗಳ ನನ್ನ ವೃತ್ತಿಯಲ್ಲಿ ಹಾಗೆ ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು. "ಗುಣ ಆಗ್ತದಿಲ್ರಿ?" ಎಂಬುದೊಂದೇ ಅವರ ಪ್ರಶ್ನೆ.

ಕಾಲೇಜನ್ನು ನೋಡುವುದಾದರೆ ಕಟ್ಟಡ ನೋಡಬೇಡಿ, ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಬೆಳಿಗ್ಗೆ ಹತ್ತು ಗಂಟೆಗೆ ಹೋಗಿ ನಿಲ್ಲಿ. ರೋಗಿಗಳು ತುಂಬಿದ್ದಾರೆಯೇ? ವಾರ್ಡಿನ ಹಾಸಿಗೆಗಳು ಖಾಲಿ ಬಿದ್ದಿಲ್ಲ ತಾನೆ? ಅಲ್ಲಿನ ಎರಡನೆಯ, ಮೂರನೆಯ ವರ್ಷದ ಹುಡುಗರನ್ನು ಮಾತನಾಡಿಸಿ: ಪಾಠ ಮಾಡುವವರು ಇದ್ದಾರೆಯೇ, ಹಾಸ್ಟೆಲಿನಲ್ಲಿ ನೀರು, ಊಟ ಹೇಗೆ, ರ್‍ಯಾಗಿಂಗ್ ಉಂಟೆ ಎಂದು ಕೇಳಿ. ಹೆರಿಗೆ, ಹಾವು ಕಡಿತ, ಕೀಟನಾಶಕ ಸೇವನೆ, ಅಪಘಾತದ ರೋಗಿಗಳು ದಿನವೂ ಬರುವ ಜಿಲ್ಲಾ ಆಸ್ಪತ್ರೆಯಲ್ಲಿ ಕಲಿತ ಕೈ ಮುಂದೆ ತಾಲ್ಲೂಕಿನಲ್ಲಿ ನಡುಗುವುದಿಲ್ಲ. ದೊಡ್ಡ ಹೆಸರಿದ್ದರೂ ರೋಗಿಗಳಿಲ್ಲದ ಆಸ್ಪತ್ರೆಯಲ್ಲಿ ಕಲಿಯುವುದು ಕಷ್ಟ.

ಹೆಸರಿನ ಮೋಹಕ್ಕೆ ಮದ್ದಾಗಿ ಯಲ್ಲಾಪ್ರಗಡ ಸುಬ್ಬರಾವ್ ಅವರನ್ನು ನೆನೆಯಬಹುದು. 1895ರಲ್ಲಿ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಇವರು ಮೆಟ್ರಿಕ್ ಪಾಸಾದದ್ದು ಮೂರನೆಯ ಸಲ. ಮದ್ರಾಸಿನಲ್ಲಿ ವೈದ್ಯಕೀಯ ಓದಿದರೂ ಸಿಕ್ಕಿದ್ದು ಎಂಬಿಬಿಎಸ್‌ಗಿಂತ ಕಡಿಮೆಯೆನಿಸಿದ ಎಲ್ಎಂಎಸ್ ಪದವಿ. ಮುಂದೆ ಅಮೆರಿಕದಲ್ಲಿ ಅವರ ನೇತೃತ್ವದ ತಂಡ ಫೋಲಿಕ್ ಆಮ್ಲದ ಮೇಲೆ ಮಾಡಿದ ಕೆಲಸದಿಂದ ಮೆಥೊಟ್ರೆಕ್ಸೇಟ್ ಔಷಧ ಬಂದಿತು. ಕೀಲುವಾತದ ರೋಗಿಗಳಿಗೆ ವಾರಕ್ಕೊಮ್ಮೆ ನುಂಗಲು ನಾನು ಆ ಗುಳಿಗೆ ಬರೆದುಕೊಡುವಾಗಲೆಲ್ಲ ಆ ಎಲ್ಎಂಎಸ್ ನೆನಪಾಗುತ್ತದೆ.

ಬಿಟ್ಟು ಓದುವುದು ಯಾರಿಗೆ ಒಪ್ಪುತ್ತದೆ?

ಯಾರೂ ಮತ್ತೆ ಬರೆಯಲೇಬಾರದೆಂದು ನಾನು ಹೇಳಲಾರೆ. ನಾನೇ ಬರೆದವನು. ಆದರೆ ಬಿಡುವ ಮುನ್ನ ಒಂದು ಹಾಳೆಯಲ್ಲಿ ಮಗುವೇ ತನ್ನ ಕೈಯಾರೆ ಬರೆಯಲಿ: ಈ ಸಲ ಎಲ್ಲಿ ತಪ್ಪಿತು? ಅದು ಮುಂದಿನ ಸಲ ಹೇಗೆ ಸರಿಹೋಗುತ್ತದೆ?

ಪರೀಕ್ಷೆಯ ತಿಂಗಳು ಟೈಫಾಯ್ಡ್ ಬಂದಿತ್ತು, ಮನೆಯಲ್ಲಿ ಸಾವಾಗಿತ್ತು, ಕನ್ನಡ ಮಾಧ್ಯಮದಿಂದ ಬಂದು ಭೌತಶಾಸ್ತ್ರದ ಇಂಗ್ಲಿಷ್ ಪುಸ್ತಕ ಅರ್ಥವಾಗುವಷ್ಟರಲ್ಲಿ ಎರಡು ವರ್ಷ ಮುಗಿದಿತ್ತು - ಇಂಥ ಸ್ಪಷ್ಟ ಕಾರಣವಿದ್ದು, ಅದು ನೀಗುವಂಥದ್ದಾದರೆ ಇನ್ನೊಂದು ವರ್ಷಕ್ಕೆ ಅರ್ಥವಿದೆ. ಕೈಯಲ್ಲಿ ಸೀಟೇ ಇಲ್ಲದವರಿಗೆ, ಅಥವಾ ಹೊಲ ಮಾರಿದರೆ ಮಾತ್ರ ದಕ್ಕುವ ಸೀಟು ಬಂದವರಿಗೂ ಅರ್ಥವಿದೆ. ಆದರೆ ಕಾರಣದ ಜಾಗದಲ್ಲಿ "ಇನ್ನೂ ಹೆಚ್ಚು ಕಷ್ಟಪಡುತ್ತೇನೆ" ಎಂದಷ್ಟೇ ಇದ್ದರೆ ಎಚ್ಚರಿಕೆ ಬೇಕು. ದಿನಕ್ಕೆ ಹದಿಮೂರು ತಾಸು ಓದಿದವನು ಇನ್ನೆಷ್ಟು ತಾಸು ಓದಬಲ್ಲ? ಕೈಯಲ್ಲಿ ಮನೆಗೆ ಭಾರವಾಗದ ಎಂಬಿಬಿಎಸ್ ಸೀಟಿದ್ದು, ಬಿಡಲು ಇರುವ ಕಾರಣ ಕೇವಲ ಊರಿನ ದೂರ ಅಥವಾ ಕಾಲೇಜಿನ ಹೆಸರಾಗಿದ್ದರೆ, ನನ್ನ ಸಲಹೆ ಸೀಟು ತೆಗೆದುಕೊಳ್ಳಿ ಎಂದೇ.

ಮತ್ತೊಮ್ಮೆ ಬರೆಯುವುದೇ ಆದರೆ 'ಒಂದೇ ಸಲ' ಎಂದು ಮೊದಲೇ ಮಾತಾಗಿರಲಿ. ನೀಟ್‌ಗೆ ಈಗ ಗರಿಷ್ಠ ವಯಸ್ಸಿನ ಮಿತಿ ಇಲ್ಲ, ಎಷ್ಟು ಸಲ ಬೇಕಾದರೂ ಬರೆಯಬಹುದು. ಆ ಸವಲತ್ತೇ ಕೆಲವರಿಗೆ ಬಲೆಯಾಗಿದೆ.

ಹಣದ ಮಾತು

ಸರ್ಕಾರಿ ಸೀಟಿನ ಶುಲ್ಕ ಹೇಗಾದರೂ ಹೊಂದಿಸಬಹುದು. ಖಾಸಗಿ ಕಾಲೇಜುಗಳ ಖಾಸಗಿ ಕೋಟಾದ ಶುಲ್ಕ ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ ಹತ್ತು ಲಕ್ಷ ರೂಪಾಯಿಯ ಆಚೀಚೆ ಇದೆ. ಮ್ಯಾನೇಜ್‌ಮೆಂಟ್ ಸೀಟಿನದು ಅದಕ್ಕೂ ಎಷ್ಟೋ ಪಟ್ಟು. ಎಂಬಿಬಿಎಸ್ ನಾಲ್ಕೂವರೆ ವರ್ಷದ ಓದು, ಮೇಲೊಂದು ವರ್ಷದ ಇಂಟರ್ನ್‌ಶಿಪ್. ಇಡೀ ಅವಧಿಯ ಶುಲ್ಕ, ಹಾಸ್ಟೆಲ್, ಪುಸ್ತಕ, ಓಡಾಟ ಕೂಡಿಸಿ ನೋಡಿ, ಮೊದಲ ವರ್ಷದ ಕಂತನ್ನಷ್ಟೇ ನೋಡಿ ಧೈರ್ಯ ಮಾಡಬೇಡಿ. ಮನೆಯಲ್ಲಿ ಇನ್ನೊಂದು ಮಗುವಿದ್ದರೆ ಅದರ ಓದಿನ ಹಣ ಇದರಲ್ಲಿ ಸೇರಿಹೋಗದಿರಲಿ. ಸಾಲದ ಭಾರ ಹೊತ್ತ ಮಗು ಮೊದಲ ವರ್ಷದ ಅಂಗರಚನಾಶಾಸ್ತ್ರದ ಮೇಜಿನ ಮುಂದೆ ನಿಂತಾಗಲೂ ತಂದೆಯ ಹೊಲವನ್ನೇ ಕಾಣುತ್ತದೆ.

ವಿದೇಶಕ್ಕೆ ಕಳಿಸುವ ಆಲೋಚನೆ ಇರುವವರು 2021ರ ನಿಯಮಗಳನ್ನು ಓದಲೇಬೇಕು: ಇಂಗ್ಲಿಷ್ ಮಾಧ್ಯಮದಲ್ಲಿ ಕನಿಷ್ಠ 54 ತಿಂಗಳ ಓದು, ಅಲ್ಲಿಯೇ 12 ತಿಂಗಳ ಇಂಟರ್ನ್‌ಶಿಪ್, ಮರಳಿ ಬಂದು ಅರ್ಹತಾ ಪರೀಕ್ಷೆ, ಇಲ್ಲಿ ಮತ್ತೆ 12 ತಿಂಗಳ ಇಂಟರ್ನ್‌ಶಿಪ್. ಏಜೆಂಟರ ಕರಪತ್ರದಲ್ಲಿ ಇವೆಲ್ಲ ದಪ್ಪಕ್ಷರದಲ್ಲಿ ಇರುವುದಿಲ್ಲ.

ಆ ಒಂದು ವರ್ಷದ ಆರೋಗ್ಯ

ಮತ್ತೆ ಓದಲು ಕುಳಿತ ಮಕ್ಕಳು ನನ್ನ ಬಳಿ ತರುವ ಬೇನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು: ತಲೆನೋವು, ಹುಳಿತೇಗು, ಕುತ್ತಿಗೆ ನೋವು, ಮುಟ್ಟಿನ ಏರುಪೇರು, ಓದಿದ್ದು ನೆನಪಿನಲ್ಲಿ ನಿಲ್ಲದಿರುವುದು. "ನೆನಪಿನ ಟಾನಿಕ್ ಬರಕೊಡ್ರಿ" ಎನ್ನುತ್ತಾರೆ. ಅಂಥ ಟಾನಿಕ್ ಇಲ್ಲ. ಹಗಲು ಓದಿದ್ದು ಮೆದುಳಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ಏಳೆಂಟು ತಾಸು ಮಲಗುವ ಮಗು ವೇಳೆ ಹಾಳುಮಾಡುತ್ತಿಲ್ಲ.

ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಸಾಮಾನ್ಯ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಾದರೆ ದಣಿವು, ತಲೆಸುತ್ತು, ಓದಿನಲ್ಲಿ ಮನಸ್ಸು ನಿಲ್ಲದಿರುವುದು ಕಾಣಿಸುತ್ತವೆ. ವರ್ಷ ಆರಂಭಿಸುವ ಮುನ್ನ ಒಮ್ಮೆ ಪರೀಕ್ಷೆ ಮಾಡಿಸಿ. ಸೊಪ್ಪು, ಬೇಳೆ, ಮೊಳಕೆ ಕಾಳು, ತಿನ್ನುವವರಾದರೆ ಮೊಟ್ಟೆ, ಮಾಂಸ ಕೊಡಿ. ಊಟದ ಬೆನ್ನಿಗೇ ಚಹಾ ಕುಡಿದರೆ ಆಹಾರದಲ್ಲಿನ ಕಬ್ಬಿಣ ಮೈಗೆ ಹತ್ತುವುದಿಲ್ಲ. ದಿನಕ್ಕೆ ಅರ್ಧ ತಾಸು ನಡಿಗೆ, ವಾರಕ್ಕೆ ಅರ್ಧ ದಿನ ಬಿಡುವು ಕೊಡಿ.

ಮೈಗಿಂತ ಮನಸ್ಸಿನ ಬೇನೆ ದೊಡ್ಡದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 13 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಎಲ್ಲವೂ ಪರೀಕ್ಷೆಗಾಗಿ ಎಂದಲ್ಲ, ಆದರೆ ಯಾವ ಮನೆಯೂ ಇದನ್ನು ಮರೆತು ಕೂರುವಂತಿಲ್ಲ. ಎರಡು ವಾರಕ್ಕೂ ಮೀರಿ ಮಂಕಾಗಿರುವುದು, ಮೊದಲು ಇಷ್ಟವಾಗಿದ್ದು ಬೇಡವಾಗುವುದು, ನಿದ್ದೆ ಹಸಿವು ಕೆಡುವುದು, ಗೆಳೆಯರಿಂದ ದೂರ ಸರಿಯುವುದು, "ನಿಮಗ ನಾ ಭಾರ ಆಗೀನಿ" ಎಂಬಂಥ ಮಾತು - ಇವು ಸೋಮಾರಿತನದ ಲಕ್ಷಣಗಳಲ್ಲ. ಸಾಯುವ ಮಾತು ಬಂದರೆ "ಹಾಗೇನಾದರೂ ಅನ್ನಿಸುತ್ತಿದೆಯೇ?" ಎಂದು ನೇರವಾಗಿ, ಸಮಾಧಾನದಿಂದ ಕೇಳಿ. ಕೇಳಿದರೆ ಆ ಆಲೋಚನೆ ಹುಟ್ಟುತ್ತದೆಂಬುದು ತಪ್ಪು ತಿಳಿವಳಿಕೆ. ಕೇಳಿದ್ದರಿಂದ ಮಗು ಹಗುರಾಗುತ್ತದೆ. ಅಂಥ ಮಗುವನ್ನು ಒಂಟಿಯಾಗಿ ಬಿಡದೆ, ಮನೆಯಲ್ಲಿನ ಕೀಟನಾಶಕವನ್ನು ದೂರವಿಟ್ಟು, ವೈದ್ಯರ ಬಳಿ ಕರೆತನ್ನಿ. 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮಾನಸ್' ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಈಗಾಗಲೇ ಇಂಥ ಲಕ್ಷಣಗಳಿರುವ ಮಗುವಿಗೆ, ಕೈಯಲ್ಲಿರುವ ಸೀಟು ಬಿಡಿಸಿ ಮತ್ತೊಂದು ವರ್ಷ ಖೋಲಿಯಲ್ಲಿ ಕೂರಿಸುವುದನ್ನು ವೈದ್ಯನಾಗಿ ನಾನು ಒಪ್ಪಲಾರೆ.

ನಿಯಮ ಓದಿ, ಮಗುವನ್ನು ಕೇಳಿ

ಸೀಟು ಹಂಚಿಕೆಯಾದ ಮೇಲೆ ನಿರ್ಧಾರಕ್ಕೆ ಸಿಗುವುದು ಕೆಲವೇ ದಿನ. ಆದ್ದರಿಂದ ಮನೆಯ ಮಾತುಕತೆ ಅದಕ್ಕೂ ಮೊದಲೇ ಆಗಬೇಕು. ಪ್ರಾಧಿಕಾರದ ಸುತ್ತುಗಳಲ್ಲಿ 'ಚಾಯ್ಸ್' ಆರಿಸುವ ಪದ್ಧತಿ ಇದೆ. ಒಂದು ಎಂದರೆ ಸೀಟು ಒಪ್ಪಿ ಸೇರುವುದು. ಎರಡು ಎಂದರೆ ಇದನ್ನು ಇಟ್ಟುಕೊಂಡೇ ಮುಂದಿನ ಸುತ್ತಿನಲ್ಲಿ ಮೇಲಿನದಕ್ಕೆ ಪ್ರಯತ್ನಿಸುವುದು. ಮೇಲಿನದು ಬಂದರೆ ಹಿಂದಿನದು ತಾನಾಗಿ ಹೋಗುತ್ತದೆ, ಮರಳಿ ಕೇಳುವಂತಿಲ್ಲ. ಮೂರು ಎಂದರೆ ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ಮೂರನ್ನು ಎರಡೆಂದು ತಿಳಿದು ಒತ್ತಿ ಅತ್ತವರನ್ನು ಕಂಡಿದ್ದೇನೆ. ಕೊನೆಯ ಸುತ್ತುಗಳಲ್ಲಿ ಸೀಟು ಪಡೆದು ಬಿಟ್ಟರೆ ದಂಡ, ನಿರ್ಬಂಧಗಳೂ ಇರುತ್ತವೆ. ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ನೆರೆಮನೆಯವರ ಮಾತಿಗಿಂತ ಆ ವರ್ಷದ ಪುಸ್ತಿಕೆ ನಂಬಿ.

ಇನ್ನು ಆ ರೈತನ ಮಗಳ ವಿಷಯ. ರಕ್ತಪರೀಕ್ಷೆಯ ವರದಿ ಬಂತು: ಹಿಮೋಗ್ಲೋಬಿನ್ 9. ತಂದೆ ತಾಯಿಯನ್ನು ಹೊರಗೆ ಕೂರಿಸಿ ಅವಳನ್ನು ಕೇಳಿದೆ, "ನಿನಗೇನು ಬೇಕವ್ವಾ?" ಬಹಳ ಹೊತ್ತು ಸುಮ್ಮನಿದ್ದು ಅಂದಳು: "ಸರ್, ಇದನ್ನ ನನಗ ಯಾರೂ ಕೇಳಿಲ್ರಿ. ನಾ ಹೋಗ್ತೀನ್ರಿ. ಮತ್ತೊಂದು ವರ್ಷ ಅದನ್ನೇ ಓದೋ ತ್ರಾಣ ನನ್ನಲ್ಲಿಲ್ಲ."

ತಂದೆಯನ್ನು ಒಳಗೆ ಕರೆದು ಎರಡನೆಯ ಚಾಯ್ಸ್ ವಿವರಿಸಿದೆ. ಸೀಟು ಇಟ್ಟುಕೊಂಡು ಮುಂದಿನ ಸುತ್ತಿಗೆ ನಿಂತರು. ಹತ್ತಿರದ್ದು ಬರಲಿಲ್ಲ. ಗೊಣಗುತ್ತಲೇ ಮಗಳನ್ನು ಕರೆದುಕೊಂಡು ರೈಲು ಹತ್ತಿದರು. ಮೊದಲ ಆರು ತಿಂಗಳು ಅವಳಿಗೆ ಸುಲಭವಾಗಿರಲಿಲ್ಲ. ಊಟ ಹಿಡಿಸಲಿಲ್ಲ, ಅಲ್ಲಿನ ಕನ್ನಡದ ಧಾಟಿಯೇ ಬೇರೆ, ವಾರಕ್ಕೆರಡು ಸಲ ಫೋನಿನಲ್ಲಿ ಅತ್ತಳಂತೆ. ಕಬ್ಬಿಣದ ಗುಳಿಗೆ ಬಿಡಲಿಲ್ಲ, ಓದೂ ಬಿಡಲಿಲ್ಲ. ಮೊದಲ ವರ್ಷ ಪಾಸಾಗಿದ್ದಾಳೆ.

ಕಳೆದ ತಿಂಗಳು ಆ ತಂದೆ ಸಂತೆಯ ದಿನ ಸಿಕ್ಕಿದ್ದರು. ಮಗಳಿಗೆ ಕಳಿಸಲು ಕಟ್ಟಿಸಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಕೈಯಲ್ಲಿತ್ತು. "ದೂರ ಅನ್ನೋದು ಈಗೂ ದೂರೇ ಅದ್ರಿ ಸಾಹೇಬ್ರ" ಅಂದರು, "ಆದ್ರ ಆಕಿ ಈಗ ನಿದ್ದಿ ಮಾಡ್ತಾಳ."

ನಿಮ್ಮ ಮನೆಯಲ್ಲೂ ಇಂಥ ಒಂದು ಫೈಲು ಇದ್ದರೆ, ಅದನ್ನು ಹಿಡಿದು ಊರೆಲ್ಲ ಕೇಳುವ ಮೊದಲು, ಅದರ ಮೇಲೆ ಯಾರ ಹೆಸರಿದೆಯೋ ಆ ಮಗುವನ್ನು ಕೂರಿಸಿಕೊಂಡು ಒಮ್ಮೆ ಕೇಳಿ. ಅದು ಹೇಳಿ ಮುಗಿಸುವವರೆಗೆ ನಡುವೆ ಬಾಯಿ ಹಾಕಬೇಡಿ.